ಬೆಲ್ಲದ ಪಾನಕ ಕುಡಿದರೆ ಶುಗರ್ ಏರುವುದಿಲ್ಲವೇ? ಮನೆಯ ತಂಪು ಪಾನೀಯಗಳ ಸಿಹಿ ಲೆಕ್ಕ

ಬೇಸಿಗೆ ಕಾಲಿಡುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ‘ಸಕ್ಕರೆ ಬಿಳಿ ವಿಷ, ಬೆಲ್ಲ ಅಮೃತ. ಬೆಲ್ಲ ಅಥವಾ ಜೇನು ಹಾಕಿದ ಪಾನಕವನ್ನು ಶುಗರ್ ಇರುವವರೂ ಎಷ್ಟು ಬೇಕಾದರೂ ಕುಡಿಯಬಹುದು’ ಎನ್ನುವುದು ಅದರ ಸಾರ. ಜೊತೆಗೆ ಪುದೀನ ಎಲೆ ತೇಲುವ ಲೋಟದ ಚಿತ್ರ, ಕೊನೆಯಲ್ಲಿ ‘ನಿಮ್ಮವರಿಗೆಲ್ಲ ಕಳುಹಿಸಿ’ ಎಂಬ ಮನವಿ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇವೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಜೇನೂ ಏರಿಸುತ್ತದೆ. ಮನೆಯಲ್ಲಿ ಮಾಡಿದ ಪಾನಕ ಒಳ್ಳೆಯದೇ, ಆದರೆ ಅದರೊಳಗಿನ ಸಿಹಿ ‘ನೈಸರ್ಗಿಕ’ ಎಂಬ ಕಾರಣಕ್ಕೆ ಅಲ್ಲ. ಅದರಲ್ಲಿ ಎಷ್ಟು ಸಿಹಿ ಇರಬೇಕೆಂದು ನಿರ್ಧರಿಸುವ ಚಮಚ ನಿಮ್ಮ ಕೈಯಲ್ಲಿರುತ್ತದೆ ಎಂಬ ಕಾರಣಕ್ಕೆ.

ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಕಾರಣವಿದೆ. ಐಸಿಎಂಆರ್ ಬೆಂಬಲದ ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದರೆ ಈ ಸಂದೇಶ ತಲುಪುವ ಹೆಚ್ಚುಕಡಿಮೆ ಪ್ರತಿ ಕುಟುಂಬ ಗುಂಪಿನಲ್ಲೂ ಅದನ್ನು ನಂಬಿ ಲೋಟ ಎತ್ತುವವರು ಒಬ್ಬರಾದರೂ ಇರುತ್ತಾರೆ.

ಬೆಲ್ಲದೊಳಗೆ ಏನಿದೆ?

ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಹಾಲಿನಿಂದ ಬರುತ್ತವೆ. ಕಾರ್ಖಾನೆಯಲ್ಲಿ ಕಾಕಂಬಿಯನ್ನು ಬೇರ್ಪಡಿಸಿ ಹರಳನ್ನಷ್ಟೇ ಉಳಿಸಿಕೊಂಡರೆ ಅದು ಸಕ್ಕರೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಏನನ್ನೂ ಬೇರ್ಪಡಿಸದೆ ಕಾಯಿಸಿ ಗಟ್ಟಿ ಮಾಡಿದರೆ ಬೆಲ್ಲ. ಸಕ್ಕರೆಯಲ್ಲಿ ಬಹುಪಾಲು ಪೂರ್ತಿ ಸುಕ್ರೋಸ್. ಬೆಲ್ಲದಲ್ಲಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಎಲ್ಲ ಸೇರಿ 100 ಗ್ರಾಂಗೆ ಸುಮಾರು 85 ಗ್ರಾಂ ಆಸುಪಾಸು ಸಕ್ಕರೆಯೇ. ಉಳಿದದ್ದು ನೀರಿನಂಶ, ಒಂದಿಷ್ಟು ಖನಿಜ, ಬಣ್ಣ ಮತ್ತು ಆ ಘಮ. ಕರುಳಿಗೆ ಹೋದ ಮೇಲೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಅದು ಮಂಡ್ಯದ ಅಚ್ಚುಬೆಲ್ಲದಿಂದ ಬಂತೋ, ಶಿರಸಿಯ ಜೋನಿ ಬೆಲ್ಲದಿಂದ ಬಂತೋ, ಅಂಗಡಿಯ ಸಕ್ಕರೆಯಿಂದ ಬಂತೋ ಎಂದು ಕರುಳು ಕೇಳುವುದಿಲ್ಲ. ತಾಟಿಬೆಲ್ಲದ ಕಥೆಯೂ ಇದೇ.

‘ಆದರೆ ಬೆಲ್ಲದಲ್ಲಿ ಕಬ್ಬಿಣವಿದೆಯಲ್ಲ?’ ಇದೆ. 100 ಗ್ರಾಂಗೆ ಕೆಲವೇ ಮಿಲಿಗ್ರಾಂ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಐಸಿಎಂಆರ್ ಹೇಳುತ್ತದೆ. ಒಂದು ಲೋಟ ಪಾನಕಕ್ಕೆ ಬೀಳುವ 20 ಗ್ರಾಂ ಬೆಲ್ಲದಿಂದ ಸಿಗುವುದು ಒಂದು ಮಿಲಿಗ್ರಾಂ ಆಸುಪಾಸು. ರಕ್ತಹೀನತೆಗೆ ಬೆಲ್ಲವನ್ನೇ ಔಷಧಿ ಎಂದು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡುವುದು ಅಪಾಯ.

ಜೇನಿನ ವಿಷಯದಲ್ಲಿ ಒಂದು ತಮಾಷೆಯಿದೆ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ ತೂಗುತ್ತದೆ. ಅದೇ ಚಮಚದ ತುಂಬ ಜೇನು ಸುಮಾರು 7 ಗ್ರಾಂ. ಜೇನಿನಲ್ಲಿ ಐದನೇ ಒಂದು ಭಾಗದಷ್ಟು ನೀರು ಕಳೆದರೂ 5 ಗ್ರಾಂ ಮೀರಿ ಸಕ್ಕರೆ ಉಳಿಯುತ್ತದೆ. ಚಮಚಕ್ಕೆ ಚಮಚ ಹೋಲಿಸಿದರೆ ಜೇನೇ ಮುಂದೆ!

ಇಷ್ಟಾದರೂ ಅನುಮಾನವಿದ್ದರೆ, ಮಧುಮೇಹಿಗಳಿಗೆ ಸಕ್ಕರೆ ಏಕಾಏಕಿ ತೀರಾ ಇಳಿದು ಬೆವರು, ನಡುಕ ಬಂದಾಗ ಕೊಡುವ ತುರ್ತು ಸಲಹೆಯನ್ನು ನೆನಪಿಸಿಕೊಳ್ಳಿ. ಎಚ್ಚರವಿದ್ದರೆ ತಕ್ಷಣ ಗ್ಲೂಕೋಸ್ ಪುಡಿ, ಸಕ್ಕರೆ ನೀರು ಅಥವಾ ಒಂದು ದೊಡ್ಡ ಚಮಚ ಜೇನು ಕೊಡಿ ಎನ್ನುತ್ತಾರೆ. ಜೇನು ಸಕ್ಕರೆಯನ್ನು ಏರಿಸುವುದೇ ಇಲ್ಲವಾದರೆ ಅಲ್ಲಿ ಅದಕ್ಕೇನು ಕೆಲಸ? (ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು.)

ಒಂದು ಲೋಟದ ಲೆಕ್ಕ

ಹಬ್ಬದ ಪಾನಕಕ್ಕೆ ನಮ್ಮ ಮನೆಗಳಲ್ಲಿ ಕೈ ಧಾರಾಳ. ಒಂದು ಲೀಟರ್ ನೀರಿಗೆ 120 ಗ್ರಾಂ ಬೆಲ್ಲ ಹಾಕಿ ನಾಲ್ಕು ಲೋಟ ಮಾಡಿದಿರಿ ಎನ್ನೋಣ. ಲೋಟಕ್ಕೆ 30 ಗ್ರಾಂ ಬೆಲ್ಲ, ಅದರಲ್ಲಿ ಸುಮಾರು 25 ಗ್ರಾಂ ಸಕ್ಕರೆ. ಅಂಗಡಿಯ ಕೋಲಾದಲ್ಲಿ 100 ಮಿಲಿಗೆ ಹತ್ತು, ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ. ಅಂದರೆ 250 ಮಿಲಿ ಕೋಲಾ ಮತ್ತು ಆ ಪಾನಕ, ಸಕ್ಕರೆಯ ಮಟ್ಟಿಗೆ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಶೇ 5 ಅಂದರೆ ಹೆಚ್ಚುಕಡಿಮೆ 25 ಗ್ರಾಂ. ಆ ಲೆಕ್ಕದೊಳಗೆ ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆಯೂ ಸೇರುತ್ತದೆ. ಒಂದೇ ಲೋಟಕ್ಕೆ ದಿನದ ಪಾಲು ಮುಗಿಯಿತು, ಕಾಫಿ ಇನ್ನೂ ಬಾಕಿ.

ರಾಮನವಮಿಯ ದಿನ ಪೆಂಡಾಲಿನಲ್ಲಿ ಒಂದು ಸಣ್ಣ ಲೋಟ ಕುಡಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಏಪ್ರಿಲ್, ಮೇ ಪೂರ್ತಿ ದಿನಕ್ಕೆರಡು ದೊಡ್ಡ ಲೋಟ, ಅದೂ ‘ಏನೂ ಆಗುವುದಿಲ್ಲ’ ಎಂಬ ಧೈರ್ಯದಲ್ಲಿ ಕುಡಿಯುವುದು ತೊಂದರೆ.

ಕಡಿಮೆ ಸಿಹಿಯಲ್ಲಿ ರುಚಿ ಹೇಗೆ?

ಹುಳಿಯೂ ಸಿಹಿಯೂ ನಾಲಿಗೆಯ ಮೇಲೆ ಒಂದನ್ನೊಂದು ಮುಚ್ಚುತ್ತವೆ. ಎರಡು ನಿಂಬೆಹಣ್ಣು ಹಿಂಡಿದ ಮೇಲೆ ಆ ಹುಳಿ ಹೊಡೆಯಲೆಂದೇ ಇನ್ನಷ್ಟು ಬೆಲ್ಲ ಸುರಿಯುತ್ತೇವೆ. ಹಾಗಾಗಿ ಬೆಲ್ಲ ಕಡಿಮೆ ಮಾಡಬೇಕಾದರೆ ಮೊದಲು ನಿಂಬೆಯನ್ನು ಕಡಿಮೆ ಮಾಡಬೇಕು. ಒಂದು ಚಿಟಿಕೆ ಉಪ್ಪು ಸಿಹಿಯನ್ನು ಸ್ವಲ್ಪ ಮೇಲೆತ್ತುತ್ತದೆ. ಏಲಕ್ಕಿಯ ಪರಿಮಳ ನಮಗೆ ಸಿಹಿ ತಿಂಡಿಗಳ ಜೊತೆಗೇ ಬೆಸೆದುಕೊಂಡಿರುವುದರಿಂದ ಮೂಗು ಕೂಡ ಒಂದಿಷ್ಟು ಸಿಹಿಯನ್ನು ಸೇರಿಸುತ್ತದೆ. ತುಂಬ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಐಸ್ ಹಾಕಿದ ಶರಬತ್ತಿಗೆ ಹೆಚ್ಚು ಸಕ್ಕರೆ ಬೇಡುವುದು ಅದಕ್ಕೇ. ಮಡಕೆಯ ನೀರಿನ ತಂಪು ಸಾಕು.

ಈ ಲೆಕ್ಕದ ಪಾನಕ ಹೀಗೆ. ಒಂದು ಲೀಟರ್ ನೀರಿಗೆ ನಿಂಬೆ ಗಾತ್ರದ ಒಂದು ಉಂಡೆ ಬೆಲ್ಲ, ಸುಮಾರು 40 ಗ್ರಾಂ. ಅರ್ಧ ಲೋಟ ನೀರಿನಲ್ಲಿ ನೆನೆಸಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಬೆಲ್ಲದಲ್ಲಿ ಮರಳು, ಕಬ್ಬಿನ ಸಿಪ್ಪೆ ಇರುವುದುಂಟು, ಸೋಸುವುದನ್ನು ಬಿಡಬೇಡಿ. ಒಂದು ಸಣ್ಣ ನಿಂಬೆಯ ರಸ, ಕಾಲು ಚಮಚ ಶುಂಠಿ ಪುಡಿ, ನಾಲ್ಕು ಕಾಳುಮೆಣಸು, ಎರಡು ಏಲಕ್ಕಿ ಕುಟ್ಟಿ ಹಾಕಿ, ಚಿಟಿಕೆ ಉಪ್ಪು ಸೇರಿಸಿ ಅರ್ಧ ಗಂಟೆ ಬಿಡಿ. ಲೋಟಕ್ಕೆ ಬರುವ ಸಕ್ಕರೆ ಎಂಟು, ಒಂಬತ್ತು ಗ್ರಾಂ ಅಷ್ಟೆ. ಮೊದಲ ಗುಟುಕು ಸಪ್ಪೆ ಅನಿಸೀತು. ಒಂದೇ ಸಲ ಇಷ್ಟಕ್ಕೆ ಇಳಿಯದೆ ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತ ಬಂದರೆ ನಾಲಿಗೆ ತಕರಾರು ಮಾಡುವುದಿಲ್ಲ.

ಕರಾವಳಿಯ ಪುನರ್ಪುಳಿ ಇನ್ನೊಂದು ಒಳ್ಳೆಯ ದಾರಿ. ಹತ್ತು ಒಣ ಸಿಪ್ಪೆಗಳನ್ನು ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆಗೆ ಕೆಂಪು ನೀರು ಸಿದ್ಧ. ಹುರಿದ ಜೀರಿಗೆ ಪುಡಿ, ಉಪ್ಪು, ಬೇಕಾದರೆ ಒಂದು ಚಮಚ ಬೆಲ್ಲ. ಅಂಗಡಿಯಲ್ಲಿ ಸಿಗುವ ಪುನರ್ಪುಳಿ ಸಿರಪ್ಪು ಬೇರೆಯೇ ವಸ್ತು, ಅದರ ಬಾಟಲಿಯಲ್ಲಿ ಬಹುಪಾಲು ಸಕ್ಕರೆಯೇ ಇರುತ್ತದೆ. ಕರಬೂಜದ ಪಾನಕ ಮಾಡುವಾಗ ಹಣ್ಣನ್ನು ಸೋಸದೆ ಚಮಚದಲ್ಲಿ ಕೆರೆದು ಚೂರುಚೂರಾಗಿಯೇ ಬಿಡಿ. ಚೆನ್ನಾಗಿ ಹಣ್ಣಾಗಿದ್ದರೆ ಏಲಕ್ಕಿಯೊಂದೇ ಸಾಕಾಗುತ್ತದೆ.

ಉತ್ತರ ಕನ್ನಡದ ಎಳ್ಳಿನ ಪಾನಕ ನಮಗೆ ಬಹಳ ಇಷ್ಟ. ಹುರಿದ ಎಳ್ಳನ್ನು ನೆನೆಸಿ, ನುಣ್ಣಗೆ ರುಬ್ಬಿ, ಬೆಲ್ಲ ಮತ್ತು ಹಾಲು ಸೇರಿಸುತ್ತಾರೆ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯಬಹುದು, ಆದ್ದರಿಂದ ಹಾಲು ಆರಿದ ಮೇಲೆ ಸೇರಿಸಿ. ಎಳ್ಳಿನ ಎಣ್ಣೆಯಂಶದಿಂದ ಇದು ಹೊಟ್ಟೆ ತುಂಬುವ ಪಾನೀಯ, ಊಟದ ಜೊತೆಗಲ್ಲ, ಊಟದ ನಡುವಿನ ಹೊತ್ತಿಗೆ.

ಜೇನು ಬಳಸುವುದಾದರೆ ತಣ್ಣನೆಯ ಪಾನೀಯಕ್ಕೇ ಬಳಸಿ. ಅದರಲ್ಲಿರುವ ಫ್ರಕ್ಟೋಸ್ ತಣ್ಣಗಿದ್ದಾಗ ಹೆಚ್ಚು ಸಿಹಿ, ಬಿಸಿಯಾದಾಗ ಕಡಿಮೆ ಸಿಹಿ ಎನಿಸುತ್ತದೆ. ಹಾಗಾಗಿ ನಿಂಬೆ ಸೋಡಾಕ್ಕೆ ಒಂದು ಚಮಚ ಸಾಕಾಗುವುದು ಬಿಸಿನೀರಿಗೆ ಸಾಲದೆನಿಸೀತು. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಆಮೇಲೆ ಬೆರೆಸಿ, ಇಲ್ಲವಾದರೆ ತಳ ಹಿಡಿದು ಕೂರುತ್ತದೆ. ಬೆಳಿಗ್ಗೆ ಜೇನುನೀರು ಕುಡಿದರೆ ಬೊಜ್ಜು ಕರಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನೀರಿನ ಲೋಟಕ್ಕೆ ಬಿಟ್ಟು ನೋಡುವ ಶುದ್ಧತೆಯ ‘ಪರೀಕ್ಷೆ’ಗೂ ಬೆಲೆಯಿಲ್ಲ. ಗಟ್ಟಿ ಸಕ್ಕರೆ ಪಾಕವೂ ಹಾಗೆಯೇ ತಳಕ್ಕಿಳಿಯುತ್ತದೆ. ಹರಳುಗಟ್ಟಿದ ಜೇನು ಕಲಬೆರಕೆಯೆಂದೂ ಅಲ್ಲ, ಶುದ್ಧ ಜೇನೂ ಹರಳುಗಟ್ಟುತ್ತದೆ.

ಮಧುಮೇಹವಿದ್ದವರು ಏನು ಕುಡಿಯಬಹುದು ಎಂಬ ಪ್ರಶ್ನೆಗೆ ನಮ್ಮ ಮೊದಲ ಉತ್ತರ ನೀರುಮಜ್ಜಿಗೆ. ಶುಂಠಿ, ಕರಿಬೇವು, ಕೊತ್ತಂಬರಿ, ಇಂಗು. ಸಿಹಿಯ ಮಾತೇ ಬರುವುದಿಲ್ಲ. ಬಿಪಿ ಇದ್ದರೆ ಉಪ್ಪಿನ ಮೇಲೊಂದು ಕಣ್ಣಿರಲಿ. ಸ್ಟೀವಿಯಾ ಎಲೆಯ ಸತ್ವ ಸಕ್ಕರೆಗಿಂತ 200 ಪಟ್ಟಿಗೂ ಹೆಚ್ಚು ಸಿಹಿ, ಅದು ತಾನಾಗಿ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ. ಆದರೆ ಕೆಲವು ಪೊಟ್ಟಣಗಳಲ್ಲಿ ಗಾತ್ರ ತುಂಬಿಸಲು ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ, ಹಿಂಬದಿಯ ಸಣ್ಣ ಅಕ್ಷರ ಓದಿ. ತೂಕ ಇಳಿಸಲೆಂದು ಇಂಥ ಬದಲಿ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ, ಸ್ಟೀವಿಯಾ ಕೂಡ ಆ ಪಟ್ಟಿಯಲ್ಲಿದೆ. ಆದರೆ ಆ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಕುರಿತದ್ದಲ್ಲ, ಅವರು ತಮ್ಮ ವೈದ್ಯರನ್ನೇ ಕೇಳಬೇಕು. ಎಳನೀರಿನಲ್ಲಿ ಸಕ್ಕರೆ ಕಡಿಮೆಯಿದ್ದರೂ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇದ್ದರೆ ಕೇಳದೆ ಕುಡಿಯಬಾರದು.

ಮಕ್ಕಳಿರುವ ಮನೆಗೆ

ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ, ಬೆರಳ ತುದಿಯಲ್ಲಿ ನೆಕ್ಕಿಸುವುದೂ ಬೇಡ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ದೊಡ್ಡವರಿಗೆ ಅದರಿಂದ ತೊಂದರೆಯಾಗುವುದು ಅಪರೂಪ. ಎಳೆಯ ಕರುಳಿನಲ್ಲಿ ಅವು ಮೊಳೆತು ವಿಷ ಬಿಟ್ಟರೆ ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ಕುತ್ತು ಬರಬಹುದು. ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಅಪಾಯ ತಪ್ಪುವುದಿಲ್ಲ.

ಭೇದಿಯಾದಾಗ ಗಟ್ಟಿ ಸಿಹಿಯ ಪಾನಕ, ಜ್ಯೂಸ್ ಕೊಡುವುದೂ ಸರಿಯಲ್ಲ. ಕರುಳಿನಲ್ಲಿ ಸಕ್ಕರೆ ಹೆಚ್ಚಾದರೆ ಅದು ನೀರನ್ನು ಒಳಗೆಳೆದು ಭೇದಿ ಜಾಸ್ತಿಯಾಗುತ್ತದೆ. ಓಆರ್‌ಎಸ್ ಪೊಟ್ಟಣವೇ ಉತ್ತಮ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು. ಇಲ್ಲಿ ಅಂದಾಜು ಬೇಡ, ಅಳೆದೇ ಹಾಕಿ.

ಬೆಲ್ಲ ಅಥವಾ ಹಣ್ಣು ಸೇರಿದ ಪಾನಕವನ್ನು ಬೇಸಿಗೆಯ ಸೆಕೆಯಲ್ಲಿ ಹೊರಗಿಟ್ಟರೆ ಬೇಗ ಹುಳಿಯೇಳುತ್ತದೆ. ಮಾಡಿದ ಕೆಲವೇ ಗಂಟೆಯೊಳಗೆ ಮುಗಿಸಿ, ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಖಾಲಿ ಮಾಡಿ. ನೊರೆ ಕಂಡರೆ ಅಥವಾ ಮುಚ್ಚಳ ತೆಗೆದಾಗ ಬುಸ್ ಎಂದರೆ ಚೆಲ್ಲಿಬಿಡಿ.