ಸಿಂಗಪುರ ಬಿದ್ದಾಗ ಆಸ್ಟ್ರೇಲಿಯಾ ಏನು ಮಾಡಿತು?

ನೆಚ್ಚಿಕೊಂಡ ದೊಡ್ಡ ಮಿತ್ರನೇ ಸೋತು ಹೋಗ್ತಿದ್ರೆ ಮಧ್ಯಮ ಶಕ್ತಿಯ ದೇಶ ಏನು ಮಾಡಬೇಕು? ನಾನು ಆಸ್ಟ್ರೇಲಿಯಾದ ಕಥೆ ಹೇಳ್ತೀನಿ.

ಸಿಂಗಪುರದ ಬ್ರಿಟಿಷ್ ನೌಕಾನೆಲೆಯೇ ತನ್ನ ಕಾವಲು ಅಂತ ಅದು ನಂಬಿತ್ತು. ಜಪಾನ್ ಯುದ್ಧಕ್ಕಿಳಿದ ಮೇಲೆ, 1941ರ ಡಿಸೆಂಬರ್ 27ರಂದು, ಇನ್ನು ನಾವು ಅಮೆರಿಕದತ್ತ ನೋಡುತ್ತೇವೆ ಅಂತ ಪ್ರಧಾನಿ ಜಾನ್ ಕರ್ಟಿನ್ ಪತ್ರಿಕೆಯಲ್ಲೇ ಬರೆದರು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು. ನಾಲ್ಕೇ ದಿನಕ್ಕೆ ಡಾರ್ವಿನ್ ಮೇಲೆ ಬಾಂಬ್. ಮಧ್ಯಪ್ರಾಚ್ಯದಿಂದ ಮರಳುತ್ತಿದ್ದ ಆಸ್ಟ್ರೇಲಿಯಾದ ಸೈನಿಕರನ್ನು ಬರ್ಮಾಕ್ಕೆ ಕಳಿಸಿ ಅಂದರು ಚರ್ಚಿಲ್. ಕರ್ಟಿನ್ ಒಪ್ಪಲಿಲ್ಲ.

ನನ್ನ ಪ್ರಕಾರ ಅವರ ಸ್ವಂತ ವಿದೇಶಾಂಗ ನೀತಿ ಗಟ್ಟಿಯಾಗಿದ್ದು ಆ ನಿರಾಕರಣೆಯಲ್ಲಿ. ಆದರೆ 1951ರಲ್ಲಿ ಅಮೆರಿಕ, ನ್ಯೂಜಿಲೆಂಡ್ ಜೊತೆ ಆಂಜಸ್ ಒಪ್ಪಂದವಾಯ್ತು. ಮರ ಬದಲಾಯ್ತು, ನೆರಳು ಹುಡುಕೋ ಅಭ್ಯಾಸ ಉಳೀತು. ಈಗ ಅಮೆರಿಕವನ್ನು ಎಷ್ಟು ನಂಬೋದು ಅನ್ನೋ ಪ್ರಶ್ನೆ ಅಲ್ಲಿ ಮತ್ತೆ ಎದ್ದಿದೆ. ಈ ಸಲ ನೋಡೋಕೆ ಇನ್ನೊಂದು ಮರ ಕಾಣ್ತಿಲ್ಲ.