ಸ್ಟೇಷನ್ ಹಿಡಿದವರ ಚರಿತ್ರೆ: ಶ್ರೀರಾಂಪುರದಿಂದ ಒಂದು ನೋಟ

ಕನ್ನಡದ ರೇಡಿಯೋ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1935ರಲ್ಲಿ ಶುರುಮಾಡುತ್ತೇವೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ನಿಲಯ ಕಟ್ಟಿದ್ದು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು, 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ತೆರೆದದ್ದು: ಇದೇ ಕ್ರಮ. ಇದೆಲ್ಲ ಮಾತಾಡಿದವರ ಕಡೆಯ ಕಥೆ. ಗುಂಡಿ ತಿರುಗಿಸುತ್ತ ಕೂತವರ ಕಡೆಯಿಂದ ನೋಡಿದರೆ ಕಾಲಾನುಕ್ರಮಣಿಕೆಯೇ ಬೇರೆಯಾಗುತ್ತದೆ. ಅದಕ್ಕೆ ಆಧಾರಗಳೂ ಬೇರೆ: ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕ, ಕೇಳುಗ ಕೈಯಾರೆ ಬರೆದಿಟ್ಟ ಲಾಗ್ ಪುಸ್ತಕ, ಪರದೇಶದ ನಿಲಯಗಳು ಕಳಿಸಿದ ಕಾರ್ಡುಗಳು.

ಮೊದಲು ಭೂಗೋಳ. ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಲ್ಲಿ, ಗಿರಣಿ ಕೆಲಸಗಾರರ ವಠಾರಗಳಿಂದ ತುಂಬಿದ್ದ ಶ್ರೀರಾಂಪುರಕ್ಕೆ ದೆಹಲಿ ಸುಮಾರು 1,700 ಕಿಲೋಮೀಟರ್ ದೂರ. ಕೊಲಂಬೊ ಸುಮಾರು 700. ಶಾರ್ಟ್‌ವೇವ್ ಅಲೆ ನೆಲ ಹಿಡಿದು ಬಹು ದೂರ ಸಾಗಲಾರದು. ಅದು ಮೇಲೇರಿ, ವಾತಾವರಣದ ಮೇಲಣ ಅಯಾನುಗೋಳಕ್ಕೆ ತಾಗಿ, ಬಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಕೊಲಂಬೊದಿಂದ ಬೆಂಗಳೂರಿಗೆ ಇಂಥ ಒಂದೇ ನೆಗೆತ ಸಾಕು. ಎರಡನೆಯ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ನರ ಸೇನಾಪಡೆಗಳಿಗಾಗಿ ಅಲ್ಲಿ ರೇಡಿಯೋ ಸೀಯಾಕ್ ಹುಟ್ಟಿತ್ತು. ಯುದ್ಧ ಮುಗಿದ ಮೇಲೆ ಅದರ ಭಾರೀ ಟ್ರಾನ್ಸ್‌ಮಿಟರ್ ರೇಡಿಯೋ ಸಿಲೋನ್ ಪಾಲಾಯಿತು. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಆಲ್ ಇಂಡಿಯಾ ರೇಡಿಯೋದಲ್ಲಿ (ಮುಂದೆ ಅದೂ ‘ಆಕಾಶವಾಣಿ’ಯೇ) ಸಿನಿಮಾ ಹಾಡಿಗೆ ಕಡಿವಾಣ ಹಾಕಿದರು. ಅದೇ ವರ್ಷ ಸಿಲೋನಿನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಆಕಾಶವಾಣಿಯದೇ ಹಾಡಿನ ಸೇವೆ ವಿವಿಧ ಭಾರತಿ ಬರಲು 1957ರ ಅಕ್ಟೋಬರ್ ತನಕ ಕಾಯಬೇಕಾಯಿತು. ಸಿಲೋನ್ ಹಿಂದಿಯಷ್ಟೇ ಅಲ್ಲದೆ ತಮಿಳು, ತೆಲುಗು, ಮಲಯಾಳಂ, ಕನ್ನಡ ಹಾಡುಗಳನ್ನೂ ಹಾಕುತ್ತಿತ್ತು. ಕನ್ನಡ, ತಮಿಳು ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಬೀದಿಗೆ ಇದು ಸಣ್ಣ ಸಂಗತಿಯಲ್ಲ. ಶಾರ್ಟ್‌ವೇವ್ ಇಲ್ಲಿ ಹವ್ಯಾಸವಾಗುವುದಕ್ಕೆ ಮೊದಲು ಹಾಡಿನ ಹಸಿವಾಗಿತ್ತು ಎಂಬುದು ನನ್ನ ನಿಲುವು.

ಆಗಿನ ವಾಲ್ವ್ ಸೆಟ್ಟು ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ, ಕಾಯಬೇಕು. ಗೋಡೆಯಿಂದ ಗೋಡೆಗೆ ಪಟ್ಟಿಯಂತೆ ಕಟ್ಟಿದ ತಾಮ್ರದ ಜಾಲರಿಯೇ ಏರಿಯಲ್. ಮುಳ್ಳು ಒಂದು ಕೂದಲೆಳೆ ಸರಿದರೂ ಹಾಡು ಹೋಗಿ ಗೊರಗೊರ ಸದ್ದು. ದುಬಾರಿ ಸೆಟ್ಟುಗಳಲ್ಲಿ ಹಸಿರು ‘ಮ್ಯಾಜಿಕ್ ಐ’ ಇರುತ್ತಿತ್ತು: ನಿಲಯ ಸರಿಯಾಗಿ ಸಿಕ್ಕಾಗ ಅದರ ನೆರಳಿನ ಸೀಳು ಕಿರಿದಾಗುತ್ತಿತ್ತು. ಇಷ್ಟಕ್ಕೂ 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಪರವಾನಗಿ ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಳ್ಳಬೇಕಿತ್ತು. 1980ರ ದಶಕದ ನಡುವೆ ಈ ಶುಲ್ಕ ರದ್ದಾಯಿತು. ಯಾವ ಮನೆಗೆ ಯಾವ ವರ್ಷ ರೇಡಿಯೋ ಬಂತು ಎಂದು ತಾರೀಖಿನ ಸಮೇತ ಹೇಳಬಲ್ಲ ಆ ಪುಸ್ತಕಗಳು ರದ್ದಿಗೆ ಹೋಗುತ್ತಿರುವುದು ಸಂಕಟದ ಮಾತು.

ಕೇಳುವವನು ಬರೆಯತೊಡಗಿದಾಗ ಹವ್ಯಾಸ ಹುಟ್ಟುತ್ತದೆ. ದೂರದ ನಿಲಯ ಹಿಡಿಯುವ ‘ಡಿಎಕ್ಸಿಂಗ್’ನ ಶಿಸ್ತು ಕಟ್ಟುನಿಟ್ಟಾದದ್ದು: ತಾರೀಖು, ಭಾರತೀಯ ಕಾಲದಿಂದ ಐದೂವರೆ ಗಂಟೆ ಕಳೆದ ಅಂತರರಾಷ್ಟ್ರೀಯ ಸಮಯ, ಕಿಲೋಹರ್ಟ್ಸ್, ಕೇಳಿದ ಕಾರ್ಯಕ್ರಮದ ವಿವರ, ಕೊನೆಗೆ ‘ಸಿನ್ಪೊ’ ಎಂಬ ಐದಂಕಿಯ ಸಂಖ್ಯೆ. 45433 ಎಂದರೆ ಸಂಕೇತದ ಬಲ 4, ಬೇರೆ ನಿಲಯಗಳ ಅಡ್ಡಿ ಇಲ್ಲವೆಂಬುದಕ್ಕೆ 5, ಗದ್ದಲಕ್ಕೆ 4, ಅಲೆಯ ಏರಿಳಿತಕ್ಕೆ 3, ಒಟ್ಟಾರೆ 3. ವರದಿ ನಿಜವೆಂದು ಒಪ್ಪಿದ ನಿಲಯ ಕ್ಯೂಎಸ್‌ಎಲ್ ಕಾರ್ಡು ಕಳಿಸುತ್ತಿತ್ತು. ಅದನ್ನು ಬರೀ ಬಣ್ಣದ ಚಿತ್ರವೆಂದು ನೋಡುವುದು ತಪ್ಪು. ಇಂಥ ದಿನ, ಇಂಥ ಹೊತ್ತಿನಲ್ಲಿ ನಮ್ಮ ದನಿ ನಿಮ್ಮ ಬೀದಿ ಮುಟ್ಟಿತ್ತು ಎಂಬ ಲಿಖಿತ ದೃಢೀಕರಣ ಅದು.

ದೊಡ್ಡ ಸಂಸ್ಥೆಗಳೂ ಹೀಗೆ ಆಲಿಸುತ್ತಿದ್ದವು. ಬಿಬಿಸಿ 1939ರಲ್ಲೇ ಪರದೇಶಿ ಪ್ರಸಾರ ಆಲಿಸುವ ವಿಭಾಗ ತೆರೆದಿತ್ತು. ಆದರೆ ಆಪತ್ತಿನ ದಿನಗಳಲ್ಲಿ ವಠಾರದ ಸೆಟ್ಟೂ ಅದೇ ಕೆಲಸ ಮಾಡುತ್ತಿತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವನ್ನು ಆಕಾಶವಾಣಿ ಅಧಿಕೃತವಾಗಿ ತಿಳಿಸಿದ್ದು ಸಂಜೆಗೆ. ಬಿಬಿಸಿ ಅದನ್ನು ಗಂಟೆಗಳ ಮೊದಲೇ ಹೇಳಿತ್ತು. ಎರಡು ನಿಲಯಗಳನ್ನು ಒಟ್ಟಿಗಿಟ್ಟು ತೂಗುವ ಅಭ್ಯಾಸ ಇಂಥ ದಿನಗಳಲ್ಲಿ ಬಲಿಯಿತು.

1994ರ ಹೊತ್ತಿಗೆ ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಟ್ರಾನ್ಸ್‌ಮಿಟರುಗಳು ಎದ್ದವು. ಬೆಂಗಳೂರು ಆಗ ದೂರದೇಶದ ಹವ್ಯಾಸಿಗಳ ಲಾಗ್ ಪುಸ್ತಕದಲ್ಲೂ ದಾಖಲಾಗತೊಡಗಿತು. ಮುಂದೆ 9870 ಕಿಲೋಹರ್ಟ್ಸಿನ ವಿವಿಧ ಭಾರತಿ ಅವರಿಗೆಲ್ಲ ಪರಿಚಿತವಾಯಿತು. ಅತ್ತ ಕೇಳಬೇಕಾದ ನಿಲಯಗಳೇ ಒಂದೊಂದಾಗಿ ಕರಗಿದವು: ರೇಡಿಯೋ ನೆದರ್ಲೆಂಡ್ಸ್ 2012ರಲ್ಲಿ, ರೇಡಿಯೋ ಆಸ್ಟ್ರೇಲಿಯಾದ ಶಾರ್ಟ್‌ವೇವ್ 2017ರಲ್ಲಿ, ಬಿಬಿಸಿ ಹಿಂದಿಯ ಶಾರ್ಟ್‌ವೇವ್ 2020ರ ಜನವರಿ 31ರಂದು.

ಉಳಿದ ಲಾಗ್ ಪುಸ್ತಕಗಳನ್ನು ಒಟ್ಟುಮಾಡುವವರು ಸಿನ್ಪೊದ ಮೂರನೆಯ ಅಂಕಿಯನ್ನು ಬಿಡದೆ ನೋಡಬೇಕೆಂದು ನನ್ನ ಕೋರಿಕೆ. ಗದ್ದಲ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಟ್ಯೂಬ್‌ಲೈಟ್, ಟಿವಿ, ಯುಪಿಎಸ್, ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಒಂದರ ಹಿಂದೊಂದು ಪಕ್ಕದ ಮನೆಗೆ ಬಂದದ್ದು, ಕೇಳುಗನಿಗೇ ಅರಿವಿಲ್ಲದೆ, ಆ ಒಂದು ಅಂಕಿಯಲ್ಲಿ ದಾಖಲಾಗಿರುತ್ತದೆ.