ನೆಲಮಾಳಿಗೆಯಿಂದ ನೋಡಿದ ನ್ಯೂಯಾರ್ಕ್

ನ್ಯೂಯಾರ್ಕಿನ ಚರಿತ್ರೆ ಬರೆಯುವವರೆಲ್ಲ ಕತ್ತೆತ್ತಿ ಬರೆಯುತ್ತಾರೆ. ಎಷ್ಟು ಮಹಡಿ, ಎಷ್ಟು ಎತ್ತರ, ಕಟ್ಟಿದ್ದು ಯಾವ ವರ್ಷ. ಊರಿಂದ ಬಂದ ನೆಂಟರಿಗೆ ನಾವು ತೋರಿಸುವುದೂ ಅದನ್ನೇ. ಈ ಸಲ ತಲೆ ತಗ್ಗಿಸಿ ಕಟ್ಟಡಗಳ ಬುಡಕ್ಕೆ, ಅಂದರೆ ಬೇಸ್‌ಮೆಂಟಿಗೆ ಇಳಿದು ನೋಡೋಣ. ನೆರೆ ಬಂದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ ತಾನೆ? ಅಲ್ಲಿ ಏನನ್ನು ಇಟ್ಟಿದ್ದೇವೆ, ಯಾರನ್ನು ಇಟ್ಟಿದ್ದೇವೆ ಎಂಬುದರ ಮೇಲೆಯೇ ನಷ್ಟದ ಲೆಕ್ಕ ನಿಂತಿದೆ.

ಮ್ಯಾನ್‌ಹಟನ್ನಿನ ದಕ್ಷಿಣದಲ್ಲಿ, ಈಗ ಕೋರ್ಟು ಕಚೇರಿಗಳಿರುವ ಕಡೆ, ಕಲೆಕ್ಟ್ ಪಾಂಡ್ ಎಂಬ ಸಿಹಿನೀರಿನ ಕೆರೆಯಿತ್ತು. ಚರ್ಮ ಹದ ಮಾಡುವವರ ಕೊಳಕು, ಕಸಾಯಿಖಾನೆಗಳ ಕೊಳಕು ಸೇರಿ ಅದು ಕೆಟ್ಟಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಲುವೆ ತೋಡಿ ನೀರನ್ನು ಹೊರಗೆ ಹಾಯಿಸಿ (ಕೆನಾಲ್ ಸ್ಟ್ರೀಟಿಗೆ ಆ ಹೆಸರು ಬಂದದ್ದು ಹೀಗೆ), ಕೆರೆಗೆ ಮಣ್ಣು ತುಂಬಿ ಮನೆ ಕಟ್ಟಿದರು. ಕೆರೆ ಹೋಯಿತು, ಒರತೆ ಹೋಗಲಿಲ್ಲ. ನೆಲ ಕುಸಿಯಿತು, ಮನೆಗಳು ವಾಲಿದವು, ನೆಲಮಾಳಿಗೆಗಳಲ್ಲಿ ನೀರು ಜಿನುಗತೊಡಗಿತು. ಅನುಕೂಲಸ್ಥರು ಬಿಟ್ಟು ಹೋದರು, ಬಡವರು ಬಂದರು. ಕುಖ್ಯಾತ ಫೈವ್ ಪಾಯಿಂಟ್ಸ್ ಹುಟ್ಟಿದ್ದು ಅಲ್ಲಿ. ಧರ್ಮಾಂಬುಧಿ ಕೆರೆಯಂಗಳದಲ್ಲಿ ಬಸ್ ಸ್ಟ್ಯಾಂಡು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿಕೊಂಡ ಬೆಂಗಳೂರಿನವರಿಗೆ ಈ ಕಥೆ ಹೊಸದೇನಲ್ಲ.

ಆ ಕಾಲದಲ್ಲಿ ವಲಸೆ ಬಂದವರು ಸಾವಿರಗಟ್ಟಲೆ ನೆಲದಡಿಯಲ್ಲಿ ಬದುಕಿದರು. 1867ರ ಕಾನೂನು ಇದಕ್ಕೊಂದು ಕಡಿವಾಣ ಹಾಕಲು ನೋಡಿತು, 1901ರದ್ದು ಇನ್ನಷ್ಟು ಬಿಗಿ ಮಾಡಿತು. ಈ ನಗರದ ಕಾನೂನಿನಲ್ಲಿ ಒಂದು ಸೂಕ್ಷ್ಮವಿದೆ: ಕೋಣೆಯ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೀದಿಮಟ್ಟದ ಕೆಳಗಿದ್ದರೆ ಅದು ಸೆಲ್ಲರ್, ಕಡಿಮೆಯಿದ್ದರೆ ಬೇಸ್‌ಮೆಂಟ್. ಮನುಷ್ಯರು ಇರಬಹುದೋ ಬಾರದೋ ಎಂಬುದು ಎಷ್ಟೋ ಸಲ ಈ ಅಳತೆಯಲ್ಲೇ ತೀರ್ಮಾನವಾಗುತ್ತದೆ. ನೀರಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಆ ಮಾತು ಬೇರೆ.

ಅಷ್ಟರಲ್ಲಿ ಲಿಫ್ಟು ಬಂತು. 1857ರಲ್ಲಿ ಬ್ರಾಡ್‌ವೇಯ ಅಂಗಡಿಯೊಂದರಲ್ಲಿ ಓಟಿಸ್‌ನ ಲಿಫ್ಟು ಜನರನ್ನು ಹೊತ್ತು ಮೇಲೇರಿತು. ಅದುವರೆಗೆ ಮೆಟ್ಟಿಲು ಹತ್ತುವ ಕಷ್ಟಕ್ಕೆ ಅಗ್ಗವಾಗಿದ್ದ ಮೇಲ್ಮಹಡಿಗಳು ಕ್ರಮೇಣ ದುಬಾರಿಯಾದವು. ಬೆಲೆಯಿಲ್ಲದ ನೆಲಮಾಳಿಗೆಗೆ ಬಾಯ್ಲರು, ವಿದ್ಯುತ್ ಫಲಕ, ಪಂಪು ಎಲ್ಲ ಇಳಿದವು. ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ ಬರುವ ನೀರು ತನ್ನ ಒತ್ತಡದಿಂದಲೇ ಸುಮಾರು ಆರನೆಯ ಮಹಡಿವರೆಗೆ ಏರುತ್ತದೆ. ಅದರಾಚೆ ಪಂಪು ಬೇಕು. ಚಾವಣಿಯ ಮೇಲಿನ ಆ ಮರದ ತೊಟ್ಟಿಗಳನ್ನು ತುಂಬುವುದು ಈ ಪಂಪುಗಳೇ.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಈ ಏರ್ಪಾಡನ್ನು ಪರೀಕ್ಷಿಸಿತು. ಬ್ಯಾಟರಿಯಲ್ಲಿ ಸಮುದ್ರ ಸುಮಾರು 14 ಅಡಿಗೆ ಏರಿತು. 1960ರ ಡೋನಾ ಚಂಡಮಾರುತದಲ್ಲಿ ಅದು 10 ಅಡಿಯಷ್ಟಿತ್ತು. ಹದಿಮೂರನೇ ಬೀದಿಯ ವಿದ್ಯುತ್ ಉಪಕೇಂದ್ರ ಸಿಡಿದು, ದಕ್ಷಿಣ ಮ್ಯಾನ್‌ಹಟನ್ ದಿನಗಟ್ಟಲೆ ಕತ್ತಲಲ್ಲಿ ಕುಳಿತಿತು. ಎತ್ತರದ ಮನೆಗಳಲ್ಲಿ ಒಂದು ಹನಿಯೂ ಒಳಗೆ ಬಂದಿರಲಿಲ್ಲ, ಆದರೆ ನಲ್ಲಿಯಲ್ಲೂ ಹನಿಯಿಲ್ಲ. ಮುದುಕರು ಬಕೆಟ್ಟು ಹಿಡಿದು ಕತ್ತಲ ಮೆಟ್ಟಿಲು ಏರಬೇಕಾಯಿತು. ನಗರದ ಸಾರ್ವಜನಿಕ ವಸತಿಯಲ್ಲೇ 400ಕ್ಕೂ ಹೆಚ್ಚು ಕಟ್ಟಡಗಳ ಸುಮಾರು 80,000 ಜನ ವಿದ್ಯುತ್ತು, ಲಿಫ್ಟು, ಹೀಟಿಂಗು ಕಳೆದುಕೊಂಡರು. ಬೆಲ್‌ವ್ಯೂ ಆಸ್ಪತ್ರೆಯವರು ಜಾಣರು, ಜನರೇಟರನ್ನು ಹದಿಮೂರನೇ ಮಹಡಿಯಲ್ಲಿಟ್ಟಿದ್ದರು. ಅದಕ್ಕೆ ಇಂಧನ ಕಳಿಸುವ ಪಂಪು ಮಾತ್ರ ನೆಲಮಾಳಿಗೆಯಲ್ಲಿತ್ತು! ಸಿಬ್ಬಂದಿ ಮತ್ತು ಸೈನಿಕರು ಮೆಟ್ಟಿಲುಗಳಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ಇಂಧನ ದಾಟಿಸಿದರು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಇತ್ತು, ಆದರೆ ಅದರ ಜುಟ್ಟು ಮುಳುಗುವ ಕಡೆಯೇ ಇತ್ತು. ಹತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಟಿ.ಕೆ. ಹಳ್ಳಿಯ ಪಂಪುಮನೆಗೇ ನೀರು ನುಗ್ಗಿ, ಮಳೆಯಲ್ಲಿ ಮುಳುಗಿದ್ದ ಬೆಂಗಳೂರಿಗೆ ಕಾವೇರಿ ನೀರು ನಿಂತುಹೋದದ್ದನ್ನು ಇಲ್ಲಿ ನೆನೆಯದೆ ಇರಲಾಗದು.

ಚೇತರಿಕೆ ಇನ್ನೂ ನಿಧಾನದ ಕೆಲಸ. ಉಪ್ಪುನೀರು ಹೊಕ್ಕ ವಿದ್ಯುತ್ ಫಲಕವನ್ನು ಒಣಗಿಸಿ ಬಳಸುವಂತಿಲ್ಲ, ಒಳಗೊಳಗೇ ತುಕ್ಕು ತಿನ್ನುತ್ತದೆ, ಬದಲಿಸಲೇಬೇಕು. ತುಂಬಿದ ನೆಲಮಾಳಿಗೆಯನ್ನು ಒಂದೇ ದಿನದಲ್ಲಿ ಖಾಲಿ ಮಾಡುವುದೂ ತಪ್ಪು. ಹೊರಗಿನ ನೆನೆದ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ಅದಕ್ಕೇ ದಿನಕ್ಕೆ ಮೂರರಲ್ಲೊಂದು ಪಾಲಿನಂತೆ ತೆಗೆಯಿರಿ ಎನ್ನುತ್ತಾರೆ. ನೆನೆದ ಜಿಪ್ಸಂ ಗೋಡೆಗೆ ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತದೆ, ಕತ್ತರಿಸಿ ಬಿಸಾಡುವುದೊಂದೇ ದಾರಿ. 1968ರಿಂದ ಇರುವ ಸರಕಾರಿ ನೆರೆವಿಮೆ ನೆಲಮಾಳಿಗೆಯ ಬಾಯ್ಲರಿಗೆ ಹಣ ಕೊಡುತ್ತದೆ. ಅಲ್ಲಿ ವಾಸವಿದ್ದವರ ಹಾಸಿಗೆ, ಪುಸ್ತಕಗಳಿಗೆ ಕೊಡುವುದಿಲ್ಲ.

ಸ್ಯಾಂಡಿಯ ನಂತರ ನಗರ ಪಾಠ ಕಲಿಯಿತು, ಯಂತ್ರಗಳ ಮಟ್ಟಿಗೆ. ಪಂಪಿನಿಂದ ನೀರೇರುವ ವಸತಿ ಕಟ್ಟಡಗಳಲ್ಲಿ, ಕರೆಂಟಿಲ್ಲದಾಗಲೂ ಬೀದಿ ಕೊಳವೆಯ ಒತ್ತಡದಿಂದ ಹರಿಯುವ ಒಂದು ನಲ್ಲಿ ಎಲ್ಲರಿಗೂ ಸಿಗುವಂತಿರಬೇಕೆಂದು 2013ರಲ್ಲಿ ಕಾನೂನಾಯಿತು. 2015ರಲ್ಲಿ ಸಾರ್ವಜನಿಕ ವಸತಿಯ ದುರಸ್ತಿಗೆ ಕೇಂದ್ರ ಸರಕಾರದಿಂದ ಸುಮಾರು 300 ಕೋಟಿ ಡಾಲರ್ ಬಂತು. ಎಷ್ಟೋ ಕಡೆ ಬಾಯ್ಲರುಗಳೂ ವಿದ್ಯುತ್ ಫಲಕಗಳೂ ಮೇಲೇರಿದವು.

ಮನುಷ್ಯರು ಕೆಳಗೇ ಉಳಿದರು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾದ ಪಳೆಯುಳಿಕೆ ಮಳೆ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಗೆ 3.15 ಅಂಗುಲ ಸುರಿಯಿತು. ಚರಂಡಿಗಳ ಲೆಕ್ಕ ಗಂಟೆಗೆ 1.75 ಅಂಗುಲದ್ದು. ಸಮುದ್ರ ಏರಿರಲಿಲ್ಲ, ಕರಾವಳಿಯ ನೆರೆನಕ್ಷೆಗಳು ಕೆಲಸಕ್ಕೆ ಬರಲಿಲ್ಲ. ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಬೇಸ್‌ಮೆಂಟ್ ಮನೆಗಳಲ್ಲಿದ್ದವರು, ಬಹುಪಾಲು ಕ್ವೀನ್ಸಿನವರು, ಹೆಚ್ಚಿನವರು ವಲಸಿಗರು. ಅಂಥ ಮನೆಗಳು ಅಲ್ಲಿ ಅಕ್ರಮವೆಂದು ಎಲ್ಲರಿಗೂ ಗೊತ್ತಿತ್ತು. ಅವುಗಳಿಲ್ಲದೆ ಈ ಊರಿನ ಅಡುಗೆಮನೆಗಳೂ ಟ್ಯಾಕ್ಸಿಗಳೂ ನಡೆಯುವುದಿಲ್ಲವೆಂಬುದೂ ಗೊತ್ತಿತ್ತು. 2024ರಲ್ಲಿ ಕೆಲವು ಪ್ರದೇಶಗಳಲ್ಲಿ ಅವನ್ನು ಸಕ್ರಮಗೊಳಿಸಲು ದಾರಿ ತೆರೆದರು (ನಮ್ಮ ಕಡೆಯ 'ಅಕ್ರಮ-ಸಕ್ರಮ' ನೆನಪಾದರೆ ತಪ್ಪಿಲ್ಲ). ಎರಡನೇ ಬಾಗಿಲು ಕೂರಿಸುವ ಖರ್ಚು ಯಾರದು ಎಂಬಲ್ಲಿ ಹಗ್ಗಜಗ್ಗಾಟ ಸುಲಭಕ್ಕೆ ಮುಗಿಯುವಂಥದ್ದಲ್ಲ.

ಎರಡನೇ ಬಾಗಿಲು ಯಾಕೆ? ಒಂದು ಸಣ್ಣ ಲೆಕ್ಕ ನೋಡಿ. 90 ಸೆಂ.ಮೀ. ಅಗಲದ ಬಾಗಿಲ ಹೊರಗೆ 60 ಸೆಂ.ಮೀ. ನೀರು ನಿಂತರೆ, ಅದರ ಮೇಲಿನ ಒತ್ತು ಸುಮಾರು 160 ಕಿಲೋ ಭಾರಕ್ಕೆ ಸಮ. ಹೊರಕ್ಕೆ ತೆರೆಯುವ ಬಾಗಿಲಾದರೆ ಒಬ್ಬರಿಂದ ತಳ್ಳಲಾಗದು, ಒಳಕ್ಕೆ ತೆರೆಯುವುದಾದರೆ ನೀರೇ ನಮ್ಮನ್ನು ತಳ್ಳುತ್ತದೆ.

ನಮ್ಮಲ್ಲೂ ಹಲವರು ಬಂದ ಹೊಸದರಲ್ಲಿ, ಎರಡು ಸೂಟ್‌ಕೇಸಿನೊಂದಿಗೆ, ಬೇಸ್‌ಮೆಂಟಿನಲ್ಲೇ ಸಂಸಾರ ಹೂಡಿದವರು. ಮೊನ್ನೆ ಬಳಗದ ಸಭೆಗೆ ಬಂದಿದ್ದ ಇಬ್ಬರು ವಿದ್ಯಾರ್ಥಿಗಳು ಕ್ವೀನ್ಸಿನಲ್ಲಿ ಅಂಥದೇ ಒಂದು ಮನೆ ನೋಡಿದ್ದಾರೆ. ಬಾಡಿಗೆ ಕಡಿಮೆ, ಸಬ್‌ವೇ ಹತ್ತಿರ. ಬಾಗಿಲು ಒಂದೇ, ಕಿಟಕಿಗೆ ಕಬ್ಬಿಣದ ಸರಳುಗಳಿವೆಯಂತೆ. ಮುಂಗಡ ಇನ್ನೂ ಕೊಟ್ಟಿಲ್ಲ. ಶನಿವಾರ ನಮ್ಮಲ್ಲಿ ಇಬ್ಬರು ಅವರ ಜೊತೆ ಹೋಗಿ ಇನ್ನೊಮ್ಮೆ ನೋಡಿ ಬರುವುದೆಂದು ಮಾತಾಗಿದೆ.